ನಂಬಿಕೆ ಬಿಡದೆ ಕ್ಲಿನಿಕಲ್ ಸೈಕಾಲಜಿ ಕಲಿಯಬಹುದಾ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ಉಡುಪಿ): ಸೈಕಾಲಜಿ ಎಂ.ಎಸ್ಸಿ. ಮುಗಿಸಿದ್ದೇನೆ. ಅಮೆರಿಕದ ಫುಲ್ಲರ್ ಸೆಮಿನರಿ ಎಂಬ ಕ್ರೈಸ್ತ ವಿದ್ಯಾಸಂಸ್ಥೆಯಲ್ಲಿ 1960ರ ದಶಕದಿಂದಲೇ ದೇವಶಾಸ್ತ್ರ, ಸೈಕಾಲಜಿ ಎರಡನ್ನೂ ಜೊತೆಗೇ ಕಲಿಸುತ್ತಾರಂತೆ. ನನಗೂ ಹಾಗೆಯೇ ಕಲಿಯುವ ಆಸೆ. ಇಲ್ಲಿ ಏನು ದಾರಿ?

ಉತ್ತರ (ಮಂಗಳೂರು): ಕ್ಲಿನಿಕಲ್ ಸೈಕಾಲಜಿಸ್ಟ್, ಅಂದ್ರೆ ಮಾನಸಿಕ ತೊಂದರೆಗೆ ಚಿಕಿತ್ಸೆ ಕೊಡುವ ಸೈಕಾಲಜಿಸ್ಟ್, ಆಗಲು ಮೊದಲು ಲೈಸೆನ್ಸ್ ಬೇಕು. ಭಾರತೀಯ ಪುನರ್ವಸತಿ ಪರಿಷತ್ತು, ಅಂದ್ರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮಾಡಿ ಅಲ್ಲಿ ಹೆಸರು ನೋಂದಾಯಿಸಲೇಬೇಕು. ಚರ್ಚಿನ ಕೌನ್ಸೆಲಿಂಗ್ ಸರ್ಟಿಫಿಕೇಟ್ ಒಳ್ಳೆಯದೇ, ಆದರೆ ಇದಕ್ಕೆ ಸಾಲದು.

ನಂಬಿಕೆಯ ಪಾಠ ನನಗೆ ಸಿಕ್ಕಿದ್ದು ಆಸ್ಪತ್ರೆಯಲ್ಲೇ. ಟ್ರೈನಿಂಗಿನ ಮೊದಲ ತಿಂಗಳು. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಬಂದರು. ಬೆರಳಿಗೆ ಜಪಮಾಲೆ ಸುತ್ತಿಕೊಂಡಿದ್ದರು. "ದೇವರು ನನಗೆ ಶಿಕ್ಷೆ ಕೊಟ್ಟ" ಎಂದರು. ನನಗೆ ತಡೆಯಲಾಗಲಿಲ್ಲ. "ದೇವರು ಹಾಗೆ ಮಾಡುವವನಲ್ಲ ಆಂಟಿ" ಎಂದು ಬೈಬಲ್ ವಾಕ್ಯವೊಂದನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಜಪಮಾಲೆ ಬಿಚ್ಚಿ ಬ್ಯಾಗಿಗೆ ಹಾಕಿದರು. ಮತ್ತೆ ಮಾತಾಡಲಿಲ್ಲ.

ಆಮೇಲೆ ಸೂಪರ್‌ವೈಸರ್ ಮೇಡಂ ಕೇಳಿದ್ದು ಇಷ್ಟೇ: "ಆ ವಾಕ್ಯ ಬೇಕಿದ್ದದ್ದು ಅವರಿಗಾ, ನಿನಗಾ?" ಮೇಡಂ ಕ್ರೈಸ್ತರಲ್ಲ. ಆದರೆ ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ನನಗೆ ಅರ್ಥವಾದದ್ದು ಅವತ್ತು. ಏಳು ಹಗಲು, ಏಳು ರಾತ್ರಿ ಅವನ ಜೊತೆ ಸುಮ್ನೆ ನೆಲದ ಮೇಲೆ ಕೂತಿದ್ದರು. ಅವನಿಗೆ ನೋವು ಜಾಸ್ತಿಯಾದದ್ದು ಅವರು ಬಾಯಿ ತೆರೆದ ಮೇಲೆ. ಹಾಗೆ ಕೂರುವುದನ್ನು ನಾನು ಇನ್ನೂ ಕಲಿಯುತ್ತಿದ್ದೇನೆ.

ಉತ್ತರ (ಬಂಟ್ವಾಳ ಕಡೆಯಿಂದ): ನಾನು ಮನೆಯವರ ಕಡೆಯಿಂದ ಹೇಳುತ್ತೇನೆ. ನನ್ನ ತಮ್ಮ ವಾರಕ್ಕೆ ಮೂರ್ನಾಲ್ಕು ಸಲ ಕುಮ್ಸಾರಿಗೆ, ಅಂದ್ರೆ ಫಾದರ್ ಹತ್ತಿರ ಪಾಪ ಹೇಳಿಕೊಳ್ಳಲು, ಹೋಗುತ್ತಿದ್ದ. ಹೇಳಿದ ಪಾಪವನ್ನೇ ಮತ್ತೆ ಹೇಳುವುದು. ನಾವು ಭಕ್ತಿ ಎಂದುಕೊಂಡೆವು. ಅದು ಒಸಿಡಿ, ಬೇಡದ ಯೋಚನೆ ಬಿಡದೆ ಕಾಡಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಅವನನ್ನು ನೋಡಿದ ಸೈಕಾಲಜಿಸ್ಟ್ ನಮ್ಮವರೇ, ಕುಮ್ಸಾರ್ ಅಂದ್ರೆ ಏನೆಂದು ವಿವರಿಸಬೇಕಾಗಿ ಬರಲಿಲ್ಲ. ತಮ್ಮನ ಒಪ್ಪಿಗೆ ಪಡೆದು ಫಾದರ್ ಹತ್ತಿರ ಮಾತಾಡಿದರು. ಹದಿನೈದು ದಿನಕ್ಕೆ ಒಂದೇ ಸಲ, ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ ಎಂದು ಮೂವರೂ ಸೇರಿ ತೀರ್ಮಾನ ಮಾಡಿದರು. ಮಧ್ಯೆ ಬರುವ ತಳಮಳವನ್ನು ತಡೆದುಕೊಳ್ಳುವುದೇ ಚಿಕಿತ್ಸೆ. ಅವನಿಗೆ ಬಹಳ ಕಷ್ಟವಾಯಿತು. ಈಗ ಚರ್ಚಿನ ಪೂಜೆಯಲ್ಲಿ ನೆಮ್ಮದಿಯಾಗಿ ಕೂರುತ್ತಾನೆ. ನಿಮ್ಮಂಥವರು ಬೇಕು, ದಯವಿಟ್ಟು ಕಲಿಯಿರಿ.

ಉತ್ತರ (ಮಂಗಳೂರು, ಮತ್ತೆ): ಒಂದು ಮಾತು ಬಿಟ್ಟುಹೋಗಿತ್ತು. "ಮಗಳು ಚರ್ಚಿಗೆ ಬರುತ್ತಿಲ್ಲ, ಸರಿ ಮಾಡಿ" ಎಂದು ಅಪ್ಪ ಅಮ್ಮ ನಿಮ್ಮಲ್ಲಿಗೇ ಬರುತ್ತಾರೆ, ನೀವು ನಂಬಿಕೆಯವರು ಅಲ್ವಾ ಎಂದು. ಸಮುದಾಯದ ಧಾರ್ಮಿಕ ನಂಬಿಕೆಗೆ ಹೊಂದಿಕೊಳ್ಳದ್ದನ್ನು ಮಾನಸಿಕ ಕಾಯಿಲೆ ಎನ್ನುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಆಗ ನೀವು ಆ ಹುಡುಗಿಯ ಪರ ನಿಲ್ಲಬೇಕು. ಕೋರ್ಸ್ ಸೇರುವ ಮೊದಲು ಅಲ್ಲಿನ ಸೂಪರ್‌ವೈಸರನ್ನು ಕೇಳಿ: ನನ್ನ ನಂಬಿಕೆಯಿಂದ ತಪ್ಪಾದರೆ ಅದನ್ನು ನಿಮ್ಮ ಹತ್ತಿರ ಬಿಚ್ಚಿ ಮಾತಾಡಬಹುದಾ?