ಆಂದ್ರೆಯಾ ಪಿರ್ಲೊ ಮೈದಾನದಲ್ಲಿ ಹಿಂದಕ್ಕೆ ಸರಿದದ್ದರಿಂದ ಏನು ಬದಲಾಯಿತು?

ಪ್ರಶ್ನೆ:
ಇಟಲಿಯ ನಿವೃತ್ತ ಫುಟ್‌ಬಾಲ್ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದ ಆಟಗಾರ) ಆಂದ್ರೆಯಾ ಪಿರ್ಲೊ ಅವರ ಹಳೆಯ ಪಂದ್ಯಗಳನ್ನು ಈಚೆಗೆ ಒಂದೊಂದಾಗಿ ನೋಡುತ್ತಿದ್ದೇನೆ. ಅವರ ಓಟದಲ್ಲಿ ವೇಗವಿಲ್ಲ, ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದರಲ್ಲಿ ಅವರು ಗಟ್ಟಿಗರೂ ಅಲ್ಲ. ಆದರೂ 2006ರ ವಿಶ್ವಕಪ್, ಮಿಲಾನ್ ತಂಡದೊಡನೆ 2003 ಮತ್ತು 2007ರ ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ಅಗ್ರ ಟೂರ್ನಿ), ಮಿಲಾನ್ ಹಾಗೂ ಯುವೆಂಟಸ್ ತಂಡಗಳ ಪರವಾಗಿ ಒಟ್ಟು ಆರು ಇಟಾಲಿಯನ್ ಲೀಗ್ ಪ್ರಶಸ್ತಿಗಳು ಅವರ ಪಾಲಿಗೆ ಬಂದಿವೆ. ಮೊದಲಲ್ಲಿ ಅವರು ಗೋಲು ಹೊಡೆಯುವ ಮುಂಚೂಣಿ ಆಟಗಾರರಾದ ಸ್ಟ್ರೈಕರ್‌ಗಳ ಬೆನ್ನಿಗೇ ಆಡುತ್ತಿದ್ದರೆಂದೂ, ಇಂಟರ್ ತಂಡದಲ್ಲಿ ನೆಲೆ ಸಿಗಲಿಲ್ಲವೆಂದೂ ಓದಿದ್ದೇನೆ. ಹಿಂದೆ ಸರಿದು, ಗೋಲು ಕಾಯುವ ಡಿಫೆಂಡರ್‌ಗಳ ಮುಂದೆ ಬಂದು ನಿಂತ ಮೇಲೆ ಅದೇ ಆಟಗಾರನಿಂದ ಇಷ್ಟೊಂದು ಹೇಗೆ ಸಾಧ್ಯವಾಯಿತು? ಅಂಥವರನ್ನು 2011ರಲ್ಲಿ ಮಿಲಾನ್ ಬಿಟ್ಟುಕೊಟ್ಟದ್ದೇಕೆ?

ಉತ್ತರ 1:
ಈ ಬದಲಾವಣೆಯ ಬೀಜ ಬಿದ್ದದ್ದು ಅವರ ಹುಟ್ಟೂರಿನ ಪಕ್ಕದ ಬ್ರೆಷಾದಲ್ಲಿ. 2001ರ ಆರಂಭದಲ್ಲಿ ಇಂಟರ್ ಅವರನ್ನು ಎರವಲಾಗಿ ಬ್ರೆಷಾ ತಂಡಕ್ಕೆ ಕಳುಹಿಸಿತು. ಸ್ಟ್ರೈಕರ್‌ಗಳ ಹಿಂದಿನ ಜಾಗದಲ್ಲಿ ಅಲ್ಲಿ ಆಗಲೇ ಇಟಲಿಯ ಖ್ಯಾತ ಆಟಗಾರ ರಾಬರ್ಟೊ ಬಾಜ್ಜೊ ಇದ್ದರು. ಅವರನ್ನು ಕದಲಿಸುವ ಮಾತೇ ಇರಲಿಲ್ಲ. ಹೀಗಾಗಿ ಹಿರಿಯ ಕೋಚ್ ಕಾರ್ಲೊ ಮಾಜ್ಜೋನೆ ಪಿರ್ಲೊ ಅವರನ್ನು ಡಿಫೆಂಡರ್‌ಗಳ ಮುಂದೆ ನಿಲ್ಲಿಸಿದರು. ಅದೇ ವರ್ಷದ ಏಪ್ರಿಲ್ 1ರಂದು ಟ್ಯೂರಿನ್‌ನಲ್ಲಿ ಯುವೆಂಟಸ್ ವಿರುದ್ಧ ಪಿರ್ಲೊ ದೂರದಿಂದ ಎತ್ತಿ ಕೊಟ್ಟ ಚೆಂಡನ್ನು ಬಾಜ್ಜೊ ಒಂದೇ ಸ್ಪರ್ಶದಲ್ಲಿ ಹತೋಟಿಗೆ ತಂದು, ಗೋಲ್‌ಕೀಪರ್ ವಾನ್ ಡೆರ್ ಸಾರ್ ಅವರನ್ನು ದಾಟಿ ಗೋಲು ಹೊಡೆದರು. ಪಂದ್ಯ 1–1ರಲ್ಲಿ ಮುಗಿಯಿತು. ಜನ ಬಾಜ್ಜೊ ಅವರ ಆ ಸ್ಪರ್ಶವನ್ನು ಇಂದಿಗೂ ಕೊಂಡಾಡುತ್ತಾರೆ, ಅದು ಸರಿಯೇ. ಆದರೆ ಆ ಪಾಸನ್ನೂ ಅಷ್ಟೇ ಗಮನವಿಟ್ಟು ನೋಡಬೇಕೆಂದು ನನ್ನ ಒತ್ತಾಯ.

ಸ್ಟ್ರೈಕರ್‌ಗಳ ಹಿಂದೆ ಆಡುವವನಿಗೆ ಚೆಂಡು ಸಿಗುವಾಗ ಸಾಮಾನ್ಯವಾಗಿ ಗೋಲು ಅವನ ಬೆನ್ನ ಹಿಂದಿರುತ್ತದೆ, ಮೈಗೆ ಮೈ ತಾಗಿಸಿಕೊಂಡು ಒಬ್ಬ ಎದುರಾಳಿಯೂ ಇರುತ್ತಾನೆ. ಅಲ್ಲಿ ತಟ್ಟನೆ ತಿರುಗಿ ಓಡುವ ಕಾಲುಗಳು ಬೇಕು. ಡಿಫೆಂಡರ್‌ಗಳ ಮುಂದೆ ನಿಂತವನಿಗಾದರೋ ಇಡೀ ಮೈದಾನ ಕಣ್ಣೆದುರಿಗೇ ಇರುತ್ತದೆ, ಅವನನ್ನು ತಡೆಯಲು ಎದುರಾಳಿ ಮಿಡ್‌ಫೀಲ್ಡರ್ ತನ್ನ ಸಾಲನ್ನು ಬಿಟ್ಟು ಮುಂದೆ ಬರಬೇಕಾಗುತ್ತದೆ, ಹಾಗೆ ಬಂದರೆ ಅವನ ಹಿಂದೆ ತೆರವಾಗುವ ಜಾಗಕ್ಕೇ ಪಾಸ್ ಹೋಗುತ್ತದೆ. ಪಿರ್ಲೊ ಅವರಿಗೆ ಇದ್ದದ್ದು ಕಾಲಿನ ವೇಗವಲ್ಲ, ನೋಟದ ವೇಗ. ಅದಕ್ಕೆ ಬೇಕಾದ ಒಂದೆರಡು ಕ್ಷಣಗಳ ಬಿಡುವು ಈ ಹೊಸ ಜಾಗದಲ್ಲಿ ಸಿಕ್ಕಿತು.

ಉತ್ತರ 2:
ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಆ ಬಿಡುವು ತಾನಾಗಿ ಸಿಗುವಂಥದ್ದಲ್ಲ. ಮಿಲಾನ್‌ನಲ್ಲಿ ಕೋಚ್ ಕಾರ್ಲೊ ಅಂಚೆಲೊಟ್ಟಿ, ಪಿರ್ಲೊ ಅವರ ಅಕ್ಕಪಕ್ಕದಲ್ಲಿ ಗಟ್ಟುಸೊ ಮತ್ತು ಸೀಡಾರ್ಫ್ ಅವರನ್ನು ನಿಲ್ಲಿಸಿದ್ದರು. ಪಿರ್ಲೊ ಓಡದ ಓಟವನ್ನೆಲ್ಲ ಬಹುಮಟ್ಟಿಗೆ ಗಟ್ಟುಸೊ ಓಡಿದರು. ಯುವೆಂಟಸ್‌ನಲ್ಲಿ ಆ ಹೊರೆಯನ್ನು ವಿಡಾಲ್ ಮತ್ತು ಮಾರ್ಕಿಸಿಯೊ ಹೊತ್ತರು. ಈ ಕಾವಲು ಸಾಲದೆ ಹೋದಾಗ ಏನಾಗುತ್ತದೆಂಬುದನ್ನು ತಿಳಿಯಬೇಕಾದರೆ 2010ರ ಮಾರ್ಚ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ನಡೆದ ಪಂದ್ಯವನ್ನು ನೋಡಬೇಕು. ಅಲ್ಲಿನ ಆತಿಥೇಯ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಕೋಚ್ ಅಲೆಕ್ಸ್ ಫರ್ಗುಸನ್ ಅವರು ಪಿರ್ಲೊ ಅವರ ಬೆನ್ನು ಬಿಡದಿರುವ ಕೆಲಸವನ್ನು ಪಾರ್ಕ್ ಜಿ-ಸುಂಗ್ ಅವರಿಗೆ ವಹಿಸಿದ್ದರು. ಮಿಲಾನ್ 4–0 ಅಂತರದಲ್ಲಿ ಸೋತಿತು, ಪಾರ್ಕ್ ಅವರೇ ಒಂದು ಗೋಲನ್ನೂ ಹೊಡೆದರು.

ನಿಮ್ಮ ಎರಡನೆಯ ಪ್ರಶ್ನೆಗೂ ಇದೇ ಎಳೆಯಲ್ಲಿ ಉತ್ತರವಿದೆ. 2010–11ರ ಋತುವಿನಲ್ಲಿ ಪಿರ್ಲೊ ಗಾಯದಿಂದ ಅನೇಕ ಪಂದ್ಯಗಳನ್ನು ತಪ್ಪಿಸಿಕೊಂಡರು. ಕೋಚ್ ಅಲ್ಲೆಗ್ರಿ ಆ ಜಾಗಕ್ಕೆ ಚೆಂಡು ಕಸಿಯುವುದರಲ್ಲಿ ನಿಪುಣರಾದ ವಾನ್ ಬೊಮ್ಮೆಲ್ ಅವರನ್ನು ನೆಚ್ಚಿಕೊಂಡರು, ಮಿಲಾನ್ ಲೀಗ್ ಗೆದ್ದಿತು. ಗೆದ್ದ ತಂಡಕ್ಕೆ 32ರ ಹರೆಯದ ಪಿರ್ಲೊ ಅನಿವಾರ್ಯರೆನಿಸಲಿಲ್ಲ. ಒಪ್ಪಂದ ಮುಗಿದಿದ್ದರಿಂದ ಅವರು ವರ್ಗಾವಣೆ ಶುಲ್ಕವೇ ಇಲ್ಲದೆ ಯುವೆಂಟಸ್ ಸೇರಿದರು. ಹಿಂದಿನ ವರ್ಷ ಏಳನೆಯ ಸ್ಥಾನದಲ್ಲಿದ್ದ ಆ ತಂಡ, ಕೊಂಟೆ ಅವರ ತರಬೇತಿಯಲ್ಲಿ 2011–12ರ ಲೀಗಿನ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದಿತು. ಮಿಲಾನ್ ಮಾಡಿದ ಲೆಕ್ಕ ಆ ಒಂದು ವರ್ಷಕ್ಕೆ ಸರಿಯಿತ್ತು, ಮುಂದಿನ ನಾಲ್ಕು ವರ್ಷಗಳಿಗೆ ತೀರಾ ತಪ್ಪಾಗಿತ್ತು ಎಂದೇ ನಾನು ಹೇಳುತ್ತೇನೆ.

ಉತ್ತರ 3:
ಇಬ್ಬರೂ ಹೇಳದ ಒಂದು ವಿಷಯವಿದೆ: ಹಿಂದೆ ನಿಂತು ಆಡಿದರೂ ಮುಂದಿನ ಸಾಲಿನ ಆಟಗಾರನ ಕಸುಬನ್ನು ಅವರು ಮರೆಯಲಿಲ್ಲ. 2006ರ ಜುಲೈ 4ರಂದು ಡಾರ್ಟ್‌ಮುಂಡ್‌ನಲ್ಲಿ ಜರ್ಮನಿ ವಿರುದ್ಧದ ವಿಶ್ವಕಪ್ ಸೆಮಿಫೈನಲ್‌ನ 119ನೆಯ ನಿಮಿಷದಲ್ಲಿ, ಕಾರ್ನರ್‌ನಿಂದ ಹೊರಬಿದ್ದ ಚೆಂಡು ಪೆನಾಲ್ಟಿ ಆವರಣದ ಅಂಚಿನಲ್ಲಿ ಅವರಿಗೆ ಸಿಕ್ಕಿತು. ನೇರವಾಗಿ ಹೊಡೆಯದೆ ಬಲಕ್ಕೆ ಸರಿಯುತ್ತ, ಡಿಫೆಂಡರ್‌ಗಳೆಲ್ಲ ತಮ್ಮತ್ತಲೇ ತಿರುಗುವಷ್ಟು ಹೊತ್ತು ಕಾದು, ಸಹ ಆಟಗಾರ ಗ್ರೊಸ್ಸೊ ಅವರತ್ತ ನೋಡದೆಯೇ ಪಾಸ್ ಜಾರಿಸಿದರು. ಗ್ರೊಸ್ಸೊ ಗೋಲು ಹೊಡೆದರು. ಐದು ದಿನಗಳ ನಂತರ ಬರ್ಲಿನ್‌ನಲ್ಲಿ ಫ್ರಾನ್ಸ್ ವಿರುದ್ಧದ ಫೈನಲ್‌ನಲ್ಲಿ ಮಾಟೆರಾಜ್ಜಿ ತಲೆಯಿಂದ ಹೊಡೆದ ಸಮಬಲದ ಗೋಲಿಗೆ ಕಾರ್ನರ್ ಒದ್ದವರೂ ಪಿರ್ಲೊ, ಪೆನಾಲ್ಟಿ ಶೂಟೌಟ್‌ನಲ್ಲಿ ಇಟಲಿಯ ಪರ ಮೊದಲು ಹೊಡೆದವರೂ ಅವರೇ.

ಧೈರ್ಯದ ಮಾತು ಬಂದಾಗ 2012ರ ಯುರೋ (ಯುರೋಪಿನ ರಾಷ್ಟ್ರೀಯ ತಂಡಗಳ ಟೂರ್ನಿ) ಕ್ವಾರ್ಟರ್‌ಫೈನಲ್ ಬಿಡುವಂತಿಲ್ಲ. ಕೀವ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಶೂಟೌಟ್‌ನಲ್ಲಿ ಇಟಲಿ 2–1ರಿಂದ ಹಿಂದಿತ್ತು. ಅಂಥ ಹೊತ್ತಿನಲ್ಲಿ ಅವರು ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿನ ನಡುವಿಗೇ ಹಾಕಿದರು. ಗೋಲ್‌ಕೀಪರ್ ಹಾರ್ಟ್ ಆಗಲೇ ಪಕ್ಕಕ್ಕೆ ಬಿದ್ದಿದ್ದರು. ಮುಂದಿನ ಎರಡೂ ಪೆನಾಲ್ಟಿಗಳನ್ನು ಇಂಗ್ಲೆಂಡ್ ಕಳೆದುಕೊಂಡಿತು, ಇಟಲಿ 4–2ರಿಂದ ಗೆದ್ದಿತು. ಆ ಪಂದ್ಯವನ್ನು ಶೂಟೌಟ್‌ಗಾಗಿ ಮಾತ್ರ ನೋಡಬೇಡಿ. ಅದಕ್ಕೆ ಮೊದಲಿನ 120 ನಿಮಿಷಗಳಲ್ಲಿ ಇಂಗ್ಲೆಂಡಿನವರು ಪಿರ್ಲೊ ಅವರಿಗೆ ಎಷ್ಟು ಜಾಗ ಬಿಟ್ಟಿದ್ದರೆಂಬುದನ್ನು ಗಮನಿಸಿ, 2010ರಲ್ಲಿ ಪಾರ್ಕ್ ಆಡಿದ ಆಟದೊಡನೆ ಹೋಲಿಸಿ ನೋಡಿ.