ಡೌನ್‌ಫೋರ್ಸ್: ‘ಒತ್ತಡ’ವಲ್ಲ, ‘ಭಾರ’ವೂ ಅಲ್ಲ, ಹಾಗಾದರೆ ಏನು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಬ್ಬಳ್ಳಿಯ ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಸ್ಪೋರ್ಟ್ಸ್ ಕಾರುಗಳ ವಾಯುಸುರಂಗ (ನಿಂತ ಕಾರಿನ ಮೇಲೆ ಗಾಳಿ ಹಾಯಿಸಿ ಬಲಗಳನ್ನು ಅಳೆಯುವ ಸುರಂಗ) ಪರೀಕ್ಷೆಯನ್ನು ಕುರಿತು ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. ‘ಡ್ರ್ಯಾಗ್’ಗೆ ‘ಗಾಳಿತಡೆ’ ಸಾಕೆನಿಸಿದೆ. ವೇಗ ಎರಡು ಪಟ್ಟಾದರೆ ಗಾಳಿತಡೆ ನಾಲ್ಕು ಪಟ್ಟಾಗುತ್ತದೆ ಎಂಬ ವಾಕ್ಯ ಯಾರಿಗೂ ತೊಡಕಾಗಲಾರದು. ಕನ್ನಡ ಪದ ಸಿಗದೆ ನನ್ನನ್ನು ಕಾಡುತ್ತಿರುವುದು ‘ಡೌನ್‌ಫೋರ್ಸ್’, ಅಂದರೆ ಓಡುವ ಕಾರನ್ನು ಗಾಳಿಯೇ ನೆಲದತ್ತ ಅದುಮುವ ಬಲ.

‘ಕೆಳಮುಖ ಒತ್ತಡ’ ಎಂದು ಬರೆಯೋಣವೆಂದರೆ, ನಮ್ಮ ಪಠ್ಯಗಳಲ್ಲಿ ‘ಒತ್ತಡ’ವು ‘ಪ್ರೆಶರ್’ಗೆ ಮೀಸಲು. 1970ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಾಯುಸುರಂಗದಲ್ಲಿ ಲೋಟಸ್ ರೇಸಿಂಗ್ ತಂಡದವರು ಪರೀಕ್ಷಿಸುತ್ತಿದ್ದ ಕಾರಿನ ಮಾದರಿಯ ಪಕ್ಕದ ಭಾಗಗಳು ಜೋತು ನೆಲಕ್ಕೆ ಹತ್ತಿರವಾದಾಗ ಈ ಬಲ ಏರಿತು. ಕಾರಿನ ಅಡಿಯ ಇಕ್ಕಟ್ಟಿನಲ್ಲಿ ಗಾಳಿಯ ವೇಗ ಹೆಚ್ಚಿ ಅಲ್ಲಿನ ಒತ್ತಡ ಇಳಿದದ್ದೇ ಅದಕ್ಕೆ ಕಾರಣ. ಇದನ್ನು ‘ಒತ್ತಡ ಇಳಿದದ್ದರಿಂದ ಒತ್ತಡ ಏರಿತು’ ಎಂದು ಬರೆದರೆ ವಿದ್ಯಾರ್ಥಿ ಪುಸ್ತಕ ಮುಚ್ಚಿಯಾನು.

‘ಭಾರ’ ಎಂಬ ಪದ ಇನ್ನಷ್ಟು ದಾರಿ ತಪ್ಪಿಸುತ್ತದೆ. ಕುಂಟೆ ಮಣ್ಣಿನಿಂದ ಮೇಲೇಳದಿರಲೆಂದು ಅದರ ಮೇಲೆ ಕಲ್ಲು ಹೇರಿದರೆ ಎತ್ತುಗಳು ಆ ಕಲ್ಲನ್ನೂ ಎಳೆಯಬೇಕಾಗುತ್ತದೆ. ಕಾರಿಗೆ ನಿಜವಾದ ಭಾರವನ್ನು ಹೇರಿದರೂ ಹಾಗೆಯೇ, ತಿರುವಿನಲ್ಲಿ ಆ ಹೆಚ್ಚುವರಿ ದ್ರವ್ಯರಾಶಿಯನ್ನೂ ಹೊರಳಿಸಬೇಕು. ಡೌನ್‌ಫೋರ್ಸಿನ ಲಾಭವಿರುವುದೇ ದ್ರವ್ಯರಾಶಿ ಹೆಚ್ಚದೆ ಟೈರುಗಳು ಮಾತ್ರ ನೆಲಕ್ಕೆ ಬಿಗಿಯಾಗುವುದರಲ್ಲಿ. 1966ರ ಚಾಪರಲ್ 2ಇ ರೇಸ್ ಕಾರಿನ ಎತ್ತರದ ರೆಕ್ಕೆಯನ್ನು ಕಾರಿನ ಮೈಗೆ ಕೂಡಿಸದೆ ಹಿಂಬದಿ ಚಕ್ರಗಳ ಸಸ್ಪೆನ್ಶನ್ನಿಗೇ ಕೂಡಿಸಿದ್ದು ಆ ಬಲ ನೇರವಾಗಿ ಚಕ್ರಗಳಿಗೆ ಮುಟ್ಟಲೆಂದು. ನಮ್ಮ ಗ್ಯಾರೇಜುಗಳಲ್ಲಿ ‘ಗಾಡಿ ಗ್ರಿಪ್ ಹಿಡೀತದ’ ಎನ್ನುವ ಮಾತಿದೆಯಾದರೂ ಗ್ರಿಪ್ ಎಂಬುದು ಫಲ, ಕಾರಣವಲ್ಲ.

ಉಳಿದವು ‘ಅಧೋಬಲ’ ಮತ್ತು ‘ಅದುಮುಬಲ’. ಮೊದಲನೆಯದು ಗಂಭೀರವಾಗಿದೆ, ಆದರೆ ಕೇಳಿದೊಡನೆ ಅಧೋಗತಿ ನೆನಪಾಗುತ್ತದೆ. ಎರಡನೆಯದು ಕೆಲಸವನ್ನೇ ಹೇಳುತ್ತದೆಂದು ನನ್ನ ಒಲವು ಅದರತ್ತ. ಆದರೆ ‘ಲಿಫ್ಟ್’ ಎಂಬುದಕ್ಕೆ ಅದರ ಜೋಡಿಪದವೊಂದೂ ಬೇಕು. ಲಂಬ ದಿಕ್ಕಿನಲ್ಲಿ ವಾಯುಸುರಂಗದ ತಕ್ಕಡಿ ಅಳೆಯುವುದು ಒಂದೇ ಬಲವನ್ನು, ಅದು ಮೇಲ್ಮುಖವಾಗಿದ್ದರೆ ‘ಲಿಫ್ಟ್’, ಕೆಳಮುಖವಾಗಿದ್ದರೆ ಡೌನ್‌ಫೋರ್ಸ್. 1973ರ ಪೋರ್ಷೆ 911 ಕರೆರಾ ಆರ್‌ಎಸ್ ಕಾರಿಗೆ ಬಾತುಕೋಳಿಯ ಬಾಲದಂಥ ಸ್ಪಾಯ್ಲರ್ (ಗಾಳಿಯ ಹರಿವನ್ನು ಬದಲಿಸುವ ಪಟ್ಟಿ) ಕೂಡಿಸಿದಾಗ ಹಿಂಬದಿಯ ಲಿಫ್ಟ್ ತಗ್ಗಿತು. ಲಿಫ್ಟ್ ತಗ್ಗುವುದು ಬೇರೆ, ಡೌನ್‌ಫೋರ್ಸ್ ಹುಟ್ಟುವುದು ಬೇರೆ ಎಂಬುದು ಕನ್ನಡದಲ್ಲಿಯೂ ಸ್ಪಷ್ಟವಾಗಬೇಕು. ‘ಎತ್ತುಬಲ’ ಎಂದು ಬರೆದರೆ ಧಾರವಾಡದ ಕಡೆಯ ಹುಡುಗರು ಎತ್ತಿನ ಬಲವೆಂದೇ ಓದಿಯಾರು!

‘ಅದುಮುಬಲ’ಕ್ಕೆ ತಕ್ಕ, ಅಷ್ಟೇ ಚಿಕ್ಕದಾದ ಜೋಡಿಪದ ಯಾವುದಿದ್ದೀತು? ಗದಗ, ಹಾವೇರಿ ಕಡೆಯವರು ‘ಅದುಮು’ ಎಂಬುದನ್ನು ಈ ಅರ್ಥದಲ್ಲಿ ಸಲೀಸಾಗಿ ಒಪ್ಪುವರೇ, ಅಥವಾ ‘ಒತ್ತುಬಲ’ವೇ ಅವರ ಬಾಯಿಗೆ ಹತ್ತಿರವೇ ಎಂಬುದನ್ನೂ ದಯವಿಟ್ಟು ತಿಳಿಸಬೇಕು.