ಅಪ್‌ಡೇಟ್: ಹೊಸ ಮುಖ್ಯ ಶಿಕ್ಷಕಿಗೆ ಮಾರ್ಗದರ್ಶಕರು ಬೇಕೇ ಎಂದು ಕೇಳಿದ್ದೆ

ಸರ್ಕಾರಿ ಪ್ರೌಢಶಾಲೆಗೆ ಬಡ್ತಿಯ ಮೇಲೆ ಬಂದಾಗ, ನನಗಿಂತ ಹಿರಿಯ ಶಿಕ್ಷಕರ ಪಾಠ ವೀಕ್ಷಿಸುವುದು ಹೇಗೆ, ತರಬೇತಿಯೊಂದೇ ಸಾಕೇ ಎಂದು ಕೇಳಿದ್ದೆ. ಅನುಭವಿಯೊಬ್ಬರು ಜೊತೆಗಿರಲಿ ಎಂದು ನೀವೆಲ್ಲ ಹೇಳಿದಿರಿ. ನಿವೃತ್ತ ಮುಖ್ಯ ಶಿಕ್ಷಕರೊಬ್ಬರು ಒಪ್ಪಿದರು.

ಅವರು ಉಪದೇಶ ಮಾಡುವುದಿಲ್ಲ, ಕೇಳುತ್ತಾರೆ: "ಮೇಡಂ, ಪಾಠ ನಡೆಯುವಾಗ ಹಿಂದಿನ ಬೆಂಚಿನ ಮಕ್ಕಳು ಏನು ಬರೆಯುತ್ತಿದ್ದರು?" ಆ ಪ್ರಶ್ನೆಯಿಂದ ನನ್ನ ವೀಕ್ಷಣೆಯೇ ಬದಲಾಯಿತು. ಈಗ ಶಿಕ್ಷಕರ ಮುಖ ನೋಡುವುದಿಲ್ಲ, ಮಕ್ಕಳ ನೋಟ್‌ಪುಸ್ತಕ ನೋಡುತ್ತೇನೆ. ಪಾಠ ಮುಗಿದ ಮೇಲೆ ಒಂದೇ ವಿಷಯ ಮಾತನಾಡುತ್ತೇನೆ. ಮೊದಲು ಮುಖ ಬಿಗಿದುಕೊಂಡಿದ್ದ ಗಣಿತ ಶಿಕ್ಷಕರು, ಬೀಜಗಣಿತದಲ್ಲಿ ಮಕ್ಕಳು ಎಲ್ಲಿ ತಡವರಿಸುತ್ತಾರೆಂದು ನೋಡಲು ತಾವಾಗಿಯೇ ನನ್ನನ್ನು ಕರೆದರು. ಅಂದು ನನಗಾದ ಸಂತೋಷ ಅಷ್ಟಿಷ್ಟಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲಾ ಮುಖ್ಯಸ್ಥರಿಗೂ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆಯನ್ನು ಹೇಳುತ್ತದೆ. ಅದರಲ್ಲೊಂದು ಪಾಲು ಹೀಗೆ ಶಾಲೆಯಲ್ಲೇ, ಜೊತೆಗೊಬ್ಬರಿದ್ದು ನಡೆಯಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಕೂಲಿಗೆ ಹೋಗುವ ತಾಯಂದಿರು ಇನ್ನೂ ಬರುತ್ತಿಲ್ಲ. ಸಭೆಯನ್ನು ಸಂಜೆಗೆ ಇಟ್ಟುಕೊಂಡವರಿದ್ದರೆ ದಯವಿಟ್ಟು ತಿಳಿಸಿ.